ಗುಡಿಸು ಮರೆತ ಸೊಸೆ

ನಮ್ಮ ಅತ್ತೆ ವಾರಕ್ಕೊಬ್ಬರನ್ನು ಜೈಲಿಗೆ ಕಳಿಸುತ್ತಾರೆ. ಹದಿನೇಳು ವರ್ಷದಿಂದ ಒಂದು ವಾರಪತ್ರಿಕೆಯ ಕೊನೆಯ ಪುಟದಲ್ಲಿ ಅವರ ಪತ್ತೇದಾರಿ ಕಥೆ ಬರುತ್ತಿದೆ. ಒಂದೇ ಪುಟ, ಒಂದೇ ಅಪರಾಧ, ಪುಟ ಮುಗಿಯುವುದರೊಳಗೆ ಕಳ್ಳ ಸಿಗಲೇಬೇಕು. ಪತ್ತೆ ಹಚ್ಚುವವನು ಪೊಲೀಸನಲ್ಲ, ಒಬ್ಬ ಟೈಲರ್ ಮಾಸ್ತರು. ತೋಳಿನ ಅಂಚು ಯಾಕೆ ಸವೆದಿದೆ, ಗುಂಡಿಗೆ ಹಾಕಿದ ದಾರ ಯಾಕೆ ಬೇರೆ ಬಣ್ಣ ಎಂದು ನೋಡಿಯೇ ಆತ ಕಳ್ಳರ ಕಿವಿ ಹಿಡಿಯುತ್ತಾನೆ.

ಅತ್ತೆ ಮೊದಲು ಬಟ್ಟೆ ಹೊಲಿಯುತ್ತಿದ್ದವರು. ಈಗಲೂ ಬರೆಯುವುದು ಹೊಲಿಗೆ ಮಷೀನಿನ ಹಲಗೆಯ ಮೇಲೆಯೇ. ಬೆಲ್ಟ್ ಬಿಚ್ಚಿಟ್ಟಿದ್ದಾರೆ, ಆದರೂ ಕೂತರೆ ಸಾಕು, ಕಾಲು ತಾನಾಗಿ ಪೆಡಲ್ ತುಳಿಯುತ್ತದೆ, ಕೆಳಗಿನ ಚಕ್ರ ಸುಮ್ಮನೆ ತಿರುಗುತ್ತದೆ. ಚಕ್ರದ ಸದ್ದು ನಿಂತರೆ ಕಥೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ನನಗೆ ಅಡುಗೆಮನೆಯಲ್ಲೇ ತಿಳಿಯುತ್ತದೆ. ಅವರು ಮೊದಲು ಬರೆಯುವುದು ಕೊನೆಯ ಸಾಲನ್ನು. ಆ ಚೀಟಿಯನ್ನು ಗುಂಡುಸೂಜಿಯಿಂದ ಕಿಟಕಿಯ ಪರದೆಗೆ ಚುಚ್ಚಿ, ಆಮೇಲೆ ಮೊದಲಿನಿಂದ ಶುರು.

"ಎಲ್ಲಿ ಇಳೀಬೇಕು ಅಂತ ಗೊತ್ತಿಲ್ದೆ ಬಸ್ ಹತ್ತಬಾರ್ದು ಕಣೇ," ಎನ್ನುತ್ತಾರೆ.

ಕಥೆ ಮುಗಿದ ಮೇಲೆ ಮೊದಲ ಪರೀಕ್ಷೆ ನನ್ನ ಮೇಲೆ. ನಾನು ಮಗಳು ಪುಟ್ಟಿಗೆ ತಿನ್ನಿಸುತ್ತಿರುವಾಗ ಎದುರು ಕೂತು ಓದುತ್ತಾರೆ. ಕೊನೆಯ ಸಾಲಿಗೆ ಮೊದಲೇ ಕಳ್ಳ ಯಾರೆಂದು ನಾನು ಹೇಳಿಬಿಟ್ಟರೆ ಆ ಕಥೆ ಹರಿದು ಬುಟ್ಟಿಗೆ. ಪಾಪ, ನಾನು ಹೇಳಿದ್ದು ಎರಡೇ ಸಲ.

ಮೂರು ವಾರದ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್. ಅದೇ ಹೊತ್ತಿಗೆ ಪತ್ರಿಕೆಗೆ ಹೊಸ ಸಂಪಾದಕರು ಬಂದಿದ್ದರು. ಆ ಪುಟದಲ್ಲಿ ಪದಬಂಧ ಹಾಕಬೇಕೆಂದು ಅವರಿಗೆ ಆಸೆ. ಒಂದು ವಾರ ಕಥೆ ತಪ್ಪಿದರೂ ಪುಟ ಹೋದಂತೆಯೇ.

"ನಾನು ಹೇಳ್ತೀನಿ, ನೀನು ಬರಿ," ಎಂದರು ಅತ್ತೆ.

ಪುಟ್ಟಿ ಹತ್ತು ತಿಂಗಳವಳು. ಅವಳನ್ನು ಎಡಗೈಯಲ್ಲಿ ಅಮುಕಿ ಹಿಡಿದು, ಬಲಗೈಯ ಹೆಬ್ಬೆರಳಲ್ಲಿ ಫೋನಿನಲ್ಲಿ ಕುಟ್ಟಿದೆ. ಕಥೆ ಇಷ್ಟು: ಮನೆಯ ಹಿರಿಯಾಕೆ ಹಾಲು ಕುಡಿದು ಮೈಮರೆತು ಮಲಗಿದಾಗ ಕೊರಳ ಸರ ಮಾಯ. ಕದ್ದವಳು, ಆ ಮನೆಯ ಸೊಸೆಯನ್ನು ನೋಡಲು ತವರಿನಿಂದ ಬಂದಿದ್ದ ಅವಳ ಅಣ್ಣನ ಹೆಂಡತಿ. ಆ ಅತ್ತಿಗೆಯ ತೋಳಿನ ಅಂಚಿನಲ್ಲಿದ್ದ ಹಾಲಿನ ಕಲೆಯೇ ಸುಳಿವು. ಕೊನೆಗೆ ಸೊಸೆ ಠಾಣೆಯಲ್ಲಿ ಸಾಕ್ಷಿ ಹೇಳುತ್ತಾಳೆ: "ಅತ್ತಿಗೆ ಹಾಲಲ್ಲಿ ಮಾತ್ರೆ ಹಾಕಿದ್ದು ನಿಜ."

ಪತ್ರಿಕೆ ಬಂದ ದಿನ ಮೊದಲ ಫೋನ್ ಅತ್ತೆಯ ಸ್ವಂತ ಅತ್ತಿಗೆಯದು. ಕೈಯಲ್ಲಿ ಹಿಡಿಯಲಾಗದ್ದರಿಂದ ಅತ್ತೆಯ ಫೋನ್ ಈಗ ಸದಾ ಸ್ಪೀಕರಿನಲ್ಲೇ.

"ಏನೇ, ಅಂತೂ ಬುದ್ಧಿ ಬಂತಲ್ಲ ನಿಂಗೆ! ಇಷ್ಟು ವರ್ಷ ಸುತ್ತಿ ಬಳಸಿ ಅತ್ತಿಗೆ ತಲೆಗೇ ಕಟ್ತಿದ್ದೆ. ಈ ಸಲ ಸೊಸೇನ ಒಳಗೆ ಹಾಕಿದೀಯ."

"ಸೊಸೇನಾ? ಯಾವ ಸೊಸೆ?" ಎಂದು ಅತ್ತೆ ಕನ್ನಡಕ ಹುಡುಕಿದರು. ನಾನು ಒಲೆಯ ಮುಂದಿದ್ದೆ. ಒಳಗಿಂದ ಕೂಗು ಬಂತು.

"ಗುಡಿಸು! ಗುಡಿಸು ಎಲ್ಲೇ?"

"ಬೆಳಗ್ಗೇನೇ ಗುಡಿಸಿದೀನಿ ಅತ್ತೆ."

"ಮನೆ ಅಲ್ಲ ಕಣೇ, ಅತ್ತಿಗೆ! ಅತ್ತಿಗೆಯ ತಕಾರಕ್ಕೆ ಗುಡಿಸು ಎಲ್ಲಿ?"

ಹೋಗಿ ನೋಡಿದೆ. ಗುಡಿಸು ಇರಬೇಕಾದ ಕಡೆ ಏತ್ವ ಕೂತಿತ್ತು. "ಅತ್ತೆಗೆ ಹಾಲಲ್ಲಿ ಮಾತ್ರೆ ಹಾಕಿದ್ದು ನಿಜ." ಸಾಕ್ಷಿ ಹೇಳಲು ಬಂದ ಬಡಪಾಯಿ ತಾನೇ ತಪ್ಪೊಪ್ಪಿಕೊಂಡಿದ್ದಳು.

ಹೇಗಾಯಿತೆಂದು ನನಗೆ ತಕ್ಷಣ ಹೊಳೆಯಿತು. ನಮ್ಮನೆಯವರು ದಿನಾ ಸಂಜೆ ಕೆಲಸದಿಂದಲೇ ಮೆಸೇಜಿನಲ್ಲಿ "ಅಮ್ಮಂಗೆ ಮಾತ್ರೆ ಕೊಟ್ಯಾ?" ಎಂದು ಕೇಳುತ್ತಾರೆ, ನಾನು "ಅತ್ತೆಗೆ ಮಾತ್ರೆ ಕೊಟ್ಟಾಯ್ತು" ಎಂದು ಬರೆಯುತ್ತೇನೆ. ಫೋನ್ ಅದನ್ನೇ ಕಲಿತಿದೆ. 'ಅತ್ತ' ಎನ್ನುವಷ್ಟರಲ್ಲಿ 'ಅತ್ತೆಗೆ' ಎಂದು ಮುಂದೆ ಹಿಡಿಯಿತು, ನಾನು ಒತ್ತಿಬಿಟ್ಟೆ.

ಮಧ್ಯಾಹ್ನ ಸಂಪಾದಕರೇ ಫೋನ್ ಮಾಡಿದರು. ದನಿ ಮೆತ್ತಗಿತ್ತು, ಅದೇ ಭಯ.

"ಮೇಡಂ, ಸುಳಿವು ಒಂದು ಕಡೆ, ಕಳ್ಳಿ ಇನ್ನೊಂದು ಕಡೆ. ಓದುಗರು ಕೇಳ್ತಿದಾರೆ. ನಿಮಗೂ ವಯಸ್ಸಾಯ್ತು, ಸ್ವಲ್ಪ ದಿನ ರೆಸ್ಟ್ ತಗೋಬಹುದಲ್ಲ?"

ನಾನು ಬಾಯಿ ತೆರೆದೆ. ಅತ್ತೆ ಎಡಗೈ ಎತ್ತಿ ತಡೆದರು.

"ನಂದೇ ಕೈತಪ್ಪು ಸಾರ್," ಎಂದರು. ಆ ಕೈ ಪ್ಲಾಸ್ಟರಿನೊಳಗೆ ದಿಂಬಿನ ಮೇಲೆ ಮಲಗಿತ್ತು. "ಇನ್ನೊಂದು ವಾರ ಕೊಡಿ. ಆಮೇಲೆ ನಿಮ್ಮಿಷ್ಟ."

ಫೋನ್ ಇಟ್ಟ ಮೇಲೆ ಕೇಳಿದೆ: "ನಾನು ಮಾಡಿದ್ದು ಅಂತ ಯಾಕೆ ಹೇಳ್ಲಿಲ್ಲ ಅತ್ತೆ?"

"ನನ್ನ ಕಥೇಲಿ ತಪ್ಪು ಮಾಡೋ ಹಕ್ಕು ನನಗೊಬ್ಬಳಿಗೇ. ಅಳಬೇಡ, ಮಗು ನೋಡ್ತಿದೆ."

ಎರಡು ದಿನ ಚಕ್ರದ ಸದ್ದೇ ಇಲ್ಲ. ಪರದೆಯ ಮೇಲೆ ಚೀಟಿಯಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ತಟ್ಟೆ ನೋಡುತ್ತಾ ಕೂರುತ್ತಿದ್ದರು. ಹದಿನೇಳು ವರ್ಷದ ಪುಟ ನನ್ನ ಒಂದು ಹೆಬ್ಬೆರಳಿನಿಂದ ಹೋಯಿತಲ್ಲ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಮೂರನೆಯ ದಿನ ಬಟ್ಟೆ ಹಿಂಡುತ್ತಿದ್ದೆ, ಒಳಗೆ ಚಕ್ರ ತಿರುಗಿತು.

"ಬಾರೇ! ಅಂಚು ಉಲ್ಟಾ ಹೊಲಿದ್ರೆ ಬಟ್ಟೆ ಎಸೀತೀವಾ? ಬಿಚ್ಚಿ ಹೊಲಿಯೋದು."

ಹೊಸ ಕಥೆಯಲ್ಲಿ ಸೊಸೆ ಲಾಕಪ್ಪಿನಲ್ಲಿದ್ದಾಳೆ. ಟೈಲರ್ ಮಾಸ್ತರಿಗೆ ಸಮಾಧಾನವಿಲ್ಲ: ಹಾಲಿನ ಕಲೆ ಇದ್ದದ್ದು ಅವಳ ತೋಳಿನಲ್ಲಲ್ಲವಲ್ಲ? ಠಾಣೆಗೆ ಹೋಗಿ ಹೇಳಿಕೆಯ ಕಾಗದ ಕೇಳುತ್ತಾನೆ. ಅದನ್ನು ಬರೆದುಕೊಂಡವಳು ಠಾಣೆಯ ರೈಟರ್, ಮಡಿಲಲ್ಲಿ ಮಗು. ಸೊಸೆಯಿಂದ ಅದೇ ಮಾತನ್ನು ಇನ್ನೊಮ್ಮೆ ಬಾಯಲ್ಲಿ ಹೇಳಿಸುತ್ತಾನೆ. ಒಂದು ಗುಡಿಸು ಸಿಗುತ್ತದೆ, ಸೊಸೆ ಬಿಡುಗಡೆ.

ನನ್ನ ತಪ್ಪನ್ನು ನಾನೇ ಬೆರಳಿಟ್ಟು ಬರೆಯಬೇಕಾಯಿತು.

"ಬರಿ: ಮಾಸ್ತರು ಇನ್ಸ್‌ಪೆಕ್ಟರಿಗೆ ಹೇಳಿದ, ರೈಟರಮ್ಮನನ್ನು ಬೈಯಬೇಡಿ, ಮೂರು ಕೈಯ ಕೆಲಸಕ್ಕೆ ಆಕೆಗೆ ಇರುವುದು ಎರಡೇ ಕೈ. ...ಯಾಕೆ ನಿಲ್ಲಿಸಿದೆ?"

"ಪುಟ್ಟಿ ಮೂಗು ಒರೆಸ್ತಿದೀನಿ ಅತ್ತೆ."

"ಅವಳದ್ದು ಮಾತ್ರ ತಾನೆ?"

ಈ ಸಲ ಕಳಿಸುವ ಮೊದಲು ಅತ್ತೆಗೆ ಒಂದೊಂದೇ ಸಾಲು ಓದಿ ಹೇಳಿದೆ. ಅಚ್ಚಾಗಿ ಬಂತು. ಅತ್ತೆಯ ಅತ್ತಿಗೆ ಮತ್ತೆ ಫೋನ್ ಮಾಡಿ, "ತಿರುಗಾ ನನ್ನನ್ನೇ ಒಳಗೆ ಹಾಕಿದ್ಯಲ್ಲೇ!" ಎಂದು ಬೈದರು. ಸಂಪಾದಕರಿಂದ ಮಾತ್ರ ನಾಲ್ಕು ದಿನ ಸದ್ದಿಲ್ಲ. ಫೋನ್ ಕುಂಯ್ ಅಂದಾಗಲೆಲ್ಲ ಅತ್ತೆ ನನ್ನ ಕಡೆ ನೋಡದಂತೆ ನೋಡುತ್ತಿದ್ದರು. ಇವತ್ತು ಬೆಳಿಗ್ಗೆ ಬಂತು: "ಮುಂದಿನ ಕಥೆ ಎಂದಿನಂತೆ ಸೋಮವಾರದೊಳಗೆ ಕಳಿಸಿ. ರೈಟರಮ್ಮ ಮತ್ತೆ ಬರುತ್ತಾರಾ ಎಂದು ಕೆಲವರು ಕೇಳುತ್ತಿದ್ದಾರೆ."

ಅತ್ತೆ ಎರಡು ಸಲ ಓದಿಸಿಕೊಂಡರು. "ಪದಬಂಧ ಬೇರೆ ಪುಟದಲ್ಲಿ ಹಾಕ್ಕೊಳ್ಲಿ," ಎಂದಷ್ಟೇ ಹೇಳಿ, ಚಹಾ ತಣ್ಣಗಾಗಿದೆ ಎಂದು ನನ್ನನ್ನು ಗದರಿದರು.

ಆ ಕಥೆಯುದ್ದಕ್ಕೂ ಗುಡಿಸು ಹಾಕಿ ಹಾಕಿ ಫೋನ್ ಈಗ ಉಲ್ಟಾ ಪಾಠ ಕಲಿತಿದೆ. ಸಂಜೆ ಎಂದಿನಂತೆ ನಮ್ಮನೆಯವರು ಕೇಳಿದರು, ನಾನು ಎಂದಿನಂತೆ ನೋಡದೆ ಒತ್ತಿದೆ: "ಅತ್ತಿಗೆ ಮಾತ್ರೆ ಕೊಟ್ಟಾಯ್ತು."

ಮರುಕ್ಷಣ ಉತ್ತರ: "ಯಾವ ಅತ್ತಿಗೆ? ಯಾರಿಗೆ? ಪೊಲೀಸ್ ಕರೀಲಾ?"

ಓದಿ ಹೇಳಿದೆ. ಅತ್ತೆ ನಗಲಿಲ್ಲ. ಪೆಡಲ್ ಮೇಲೆ ಮೆಲ್ಲಗೆ ಕಾಲಿಟ್ಟು, "ಅದನ್ನ ಅಳಿಸಬೇಡ, ಇರಲಿ," ಎಂದರು. ಚಕ್ರ ತಿರುಗತೊಡಗಿತು.