ಮೆನ್ ಗುನಾಳ ಎಡ ಸೊಂಟ

ಚೊಚ್ಚಲ ಮಗ ಗುನಾ ಹುಟ್ಟಿದ ದಿನದಿಂದ ಅವಳ ಸ್ವಂತ ಹೆಸರು ಊರಿಗೆ ಬೇಕಾಗಲಿಲ್ಲ. ನಮ್ಮ ಬಾಲಿಯಲ್ಲಿ ಹಾಗೆಯೇ. ಗುನಾನ ತಾಯಿ, ಮೆನ್ ಗುನಾ, ಅಷ್ಟಾದರೆ ಸಾಕು. ಆದರೆ ಊರವರು ನಿಜವಾಗಿ ನೆಚ್ಚಿಕೊಂಡಿದ್ದು ಅವಳ ಸೊಂಟವನ್ನು. ಏಳು ವರ್ಷದವಳಿದ್ದಾಗ ತಮ್ಮನನ್ನು ಎತ್ತಿಕೊಂಡವಳು, ಆಮೇಲೆ ತನ್ನ ನಾಲ್ವರನ್ನು, ಅಕ್ಕಪಕ್ಕದವರ ಹನ್ನೊಂದು ಮಕ್ಕಳನ್ನು ಅದೇ ಎಡ ಸೊಂಟದ ಮೇಲೆ ಬೆಳೆಸಿದಳು. ನೂರೈದು ದಿನದವರೆಗೆ ಕೂಸಿನ ಕಾಲು ನೆಲಕ್ಕೆ ತಾಕಬಾರದೆಂಬುದು ಎಲ್ಲರ ಮನೆಯ ನೇಮ. ಇವಳದು ಅದಕ್ಕಿಂತ ಒಂದು ಕೈ ಮೇಲು. ನಾಲ್ಕು ಕಾಲಲ್ಲಿ ಹೋಗುವುದು ಹಂದಿ, ನಾಯಿ. ದೇವರ ಲೋಕದಿಂದ ಈಗಷ್ಟೇ ಬಂದ ಜೀವ ಹಾಗೆ ಹೋಗಬಾರದು. ತಾನು ಎತ್ತಿದ ಮಕ್ಕಳಲ್ಲಿ ಒಂದೂ ಅಂಬೆಗಾಲಿಡಲಿಲ್ಲ, ಸೊಂಟದಿಂದ ಇಳಿದವು ನೇರ ನಡೆದೇಬಿಟ್ಟವು, ಎಲ್ಲದರ ಮೊದಲ ತೊದಲು ಬಿದ್ದದ್ದು ತನ್ನ ಕಿವಿಗೇ ಎಂದು ಹೇಳುವಾಗ ಅವಳ ಮೂಗು ಒಂದಿಷ್ಟು ಮೇಲೇರುತ್ತಿತ್ತು. ಏರಲಿ ಬಿಡಿ, ಹೆಮ್ಮೆ ಪಡಲು ಆ ಬಡಪಾಯಿಗೆ ಬೇರೇನಿತ್ತು?

ಅರವತ್ತೆರಡಕ್ಕೆ ಮೊಮ್ಮಗ ದಿಪ್ತ ಬಂದ. ಅಷ್ಟರಲ್ಲಿ ಮಂಡಿ ಕೈಕೊಟ್ಟಿತ್ತು. ಆದರೂ ಎಂಟು ತಿಂಗಳು ಕೂಸನ್ನು ಕೆಳಗಿಳಿಸಲಿಲ್ಲ. ತೂಕ ಮಾಡಿಸಲು ಹೋದಾಗ ನರ್ಸಮ್ಮ, ಚಾಪೆ ಹಾಸಿ ಬಿಡಿ, ಹರಿದಾಡಲಿ ಎಂದಿದ್ದಳಂತೆ. ಸೊಸೆ ರೆಂತಿ ಆ ಮಾತನ್ನು ಊಟದ ಹೊತ್ತಿಗೆ ಮೆಲ್ಲಗೆ ಎತ್ತಿದಳು.

“ಹಂದಿಗೆ ಹಿತ್ತಲಲ್ಲಿ ಗೂಡೇ ಇದೆ, ಚಾಪೆ ಯಾಕೆ?” ಎಂದಳು ಅತ್ತೆ.

ರೆಂತಿ ಅತ್ತೆಯ ತಟ್ಟೆಗೆ ಇನ್ನಷ್ಟು ಬಡಿಸಿದಳು. ಆದರೆ ಮೆನ್ ಗುನಾಳಿಗೆ ಆ ಮಧ್ಯಾಹ್ನ ಅನ್ನ ಇಳಿಯಲಿಲ್ಲ. ಕೂಸು ನೆಲಕ್ಕಿಳಿದರೆ ಮಾನ ಹೋಗುವುದಷ್ಟೇ ಅಲ್ಲ, ಈ ಮನೆಗೆ ತಾನು ಯಾಕೆ ಬೇಕು? ಆ ಭಯವನ್ನು ಯಾರಿಗೂ ಹೇಳಲಾರದೆ ನುಂಗಿಕೊಂಡಳು.

ಗಲುಂಗನ್ ಹಬ್ಬಕ್ಕೆ ಎರಡು ದಿನವಿತ್ತು. ಬೆಳಿಗ್ಗೆ ರೆಂತಿ ನೈವೇದ್ಯದ ಬುಟ್ಟಿ ಹೊತ್ತು ಗುಡಿಗೆ ಹೋದಳು. ಮನೆಯಲ್ಲಿ ಅಜ್ಜಿ, ಕೂಸು ಇಬ್ಬರೇ. ಮಂಡಿ ತಟ್ಟನೆ ಹಿಡಿದುಕೊಂಡಿತು. ಅಂಗಳದ ಎತ್ತರದ ಜಗಲಿಯ ಮೇಲೆ ಕೂಸನ್ನು ಮಲಗಿಸಿ, ತಾನೂ ಮೇಲೆ ಸರಿದು ಎಣ್ಣೆ ತಿಕ್ಕುತ್ತ ಕೂತಳು. ಆ ಜಗಲಿಯ ಅಂಚಿಗೆ ತಡೆಯಿಲ್ಲ. ಕೂಸನ್ನು ಕೆಳಗೇ ಬಿಡದ ಮನೆಯಲ್ಲಿ ತಡೆ ಯಾರು ಕಟ್ಟಿಸುತ್ತಾರೆ?

ತಲೆ ಎತ್ತಿ ನೋಡಿದರೆ ದಿಪ್ತ ಜಗಲಿಯ ಆ ತುದಿಯಲ್ಲಿದ್ದ. ಕೈ, ಮಂಡಿ ಊರಿಕೊಂಡು, ಯಾರೂ ಕಲಿಸದ ವಿದ್ಯೆಯನ್ನು ಗುಡುಗುಡು ನಡೆಸಿದ್ದ. ಅಂಚಿನಾಚೆ ಕಲ್ಲಿನ ಮೆಟ್ಟಿಲು. ಮೆನ್ ಗುನಾ ಏಳಲು ನೋಡಿದಳು, ಕಾಲು ಏಳಲಿಲ್ಲ. ಕೂಗಿದಳು, ಓಗೊಡುವವರಿಲ್ಲ. ಆಗ ಎರಡೂ ಅಂಗೈ ನೆಲಕ್ಕೂರಿದಳು. ಕೆಟ್ಟ ಮಂಡಿಯನ್ನು ಎಳೆದುಕೊಂಡು, ಸೊಂಟಕ್ಕೆ ಸುತ್ತಿದ ಬಟ್ಟೆ ಸಡಿಲಾದರೂ ಲೆಕ್ಕಿಸದೆ, ನಾಲ್ಕು ಕಾಲಲ್ಲಿ ಹೋದಳು. ಅಂಚಿನಲ್ಲಿ ಪುಟ್ಟ ಪಾದ ಕೈಗೆ ಸಿಕ್ಕಿತು.

ದಿಪ್ತ ಹಿಂತಿರುಗಿದ. ಅಜ್ಜಿಯ ಮುಖ ತನ್ನ ಮುಖದಷ್ಟೇ ಎತ್ತರದಲ್ಲಿ ಇರುವುದು ಕಂಡು ಅವನಿಗೆ ಖುಷಿಯೋ ಖುಷಿ. “ದಾ,” ಎಂದ, ಅವನ ಮೊದಲ ತೊದಲು. ಇನ್ನೊಂದು ಸಲ, “ದಾ.” ಮುದುಕಿ ಅವನನ್ನು ಅವುಚಿಕೊಂಡು ಅತ್ತುಬಿಟ್ಟಳು.

ಅಂಗಳದ ಬಾಗಿಲಲ್ಲಿ ರೆಂತಿ ನಿಂತಿದ್ದಳು. ಆಗಷ್ಟೇ ಬಂದವಳು, ಅತ್ತೆ ಅಂಚಿಗೆ ಹೋದ ಬಗೆಯನ್ನು ಕಂಡಿದ್ದಳು. ಖಾಲಿ ಬುಟ್ಟಿ ಕೈಯಿಂದ ಜಾರಿ ಬಿದ್ದಿತ್ತು.

“ಸಿಕ್ಕನಾ ಅತ್ತೆ?”

“ಸಿಕ್ಕ. ಹೆಂಗೆ ಅಂತ ಮಾತ್ರ ಕೇಳ್ಬೇಡ.”

ರೆಂತಿ ಕೇಳಲಿಲ್ಲ. ಎಣ್ಣೆಯ ಶೀಶೆ ತಂದು ಅತ್ತೆಯ ಮಂಡಿಯನ್ನು ತಾನೇ ತಿಕ್ಕಿದಳು. ಆ ಸಂಗತಿ ಅವಳ ಬಾಯಿಂದ ಎಂದೂ ಹೊರಗೆ ಬರಲಿಲ್ಲ.

ಹಬ್ಬ ಕಳೆದ ಮಾರನೆಯ ದಿನ ಮೆನ್ ಗುನಾ ತಾನೇ ಅಂಗಳದಲ್ಲಿ ಚಾಪೆ ಹಾಸಿ, ದಿಪ್ತನನ್ನು ಬಿಟ್ಟು, ಪಕ್ಕದಲ್ಲಿ ಕಾಲು ಚಾಚಿ ಕೂತಳು. ತನ್ನ ಇಬ್ಬರು ಮಕ್ಕಳನ್ನು ಅವಳ ಸೊಂಟಕ್ಕೆ ಒಪ್ಪಿಸಿದ್ದ ನೆರೆಮನೆಯ ಮೆನ್ ಸುಂಬಿ ಬಂದವಳು ನೋಡಿ ದಂಗಾದಳು. ಏನಿದು, ನಿನ್ನ ಮೊಮ್ಮಗನೂ ನಾಲ್ಕು ಕಾಲಿನವನಾದನಾ ಎಂದು ಚುಚ್ಚಿದಳು.

ಮೆನ್ ಗುನಾ ಚಾಪೆಯಾಚೆ ಹೊರಟಿದ್ದ ಕೂಸನ್ನು ಕಾಲಿಂದಲೇ ಮೆಲ್ಲಗೆ ಒಳಕ್ಕೆ ತಿರುಗಿಸಿದಳು.

“ನಾನೂ ಹಂಗೆ ಹೋಗಿ ನೋಡಿದ್ದೀನಿ ಕಣೆ,” ಎಂದಳು. “ಮನುಷ್ಯಳಾಗೇ ವಾಪಸ್ ಬಂದೆ.”