ಗಿರಿಜಾ ಮೇಡಂ ಮತ್ತು ನಡೆಯಲು ಕಲಿತ ಜೀವಿಗಳು

ಕಂಪ್ಯೂಟರ್ ಪರದೆಯ ಮೇಲೆ ಏನಾದರೂ ಮುಗ್ಗರಿಸಿದರೆ ಗಿರಿಜಾ ಮೇಡಂ ಅವರ ಭುಜವೂ ಆ ಕಡೆಗೇ ವಾಲುತ್ತಿತ್ತು. ಅದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಹಿಂದಿನ ಬೆಂಚಿನ ಹುಡುಗಿಯರಾದ ನಾವು ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡು ನಗುತ್ತಿದ್ದೆವು.

ಶಿವಮೊಗ್ಗದ ನಮ್ಮ ಕಾಲೇಜಿಗೆ ಅವರು ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮದುವೆಯಾಗಿರಲಿಲ್ಲ, ಅಕ್ಕ ನಾಗರತ್ನಮ್ಮನ ಜೊತೆ ವಾಸ. ಪಾಠ ಮುಗಿದ ಮೇಲೆ ಲ್ಯಾಬಿನಲ್ಲಿ ಕುಳಿತು ಅವರು ವಿಚಿತ್ರ ಜೀವಿಗಳನ್ನು ಸಾಕುತ್ತಿದ್ದರು. ಇಟ್ಟಿಗೆಯಂಥ ತುಂಡುಗಳನ್ನು ಕೀಲುಗಳಿಂದ ಜೋಡಿಸಿದ ದೇಹಗಳು. ಕಂಪ್ಯೂಟರಿನೊಳಗೇ ಹುಟ್ಟಿ ಅಲ್ಲೇ ಸಾಯುವಂಥವು. ಒಂದು ತಲೆಮಾರನ್ನು ಪರದೆಯ ಮೇಲಿನ ಹಳ್ಳತಿಟ್ಟಿನ ನೆಲಕ್ಕೆ ಬಿಡುವುದು, ಹೆಚ್ಚು ದೂರ ಹೋದವನ್ನು ಉಳಿಸಿಕೊಂಡು, ಮೈಕಟ್ಟನ್ನು ಚೂರು ಬದಲಿಸಿ ಮುಂದಿನ ತಲೆಮಾರು ಹುಟ್ಟಿಸುವುದು, ಮಿಕ್ಕವನ್ನು ಅಳಿಸುವುದು. ಹೇಗೆ ನಡೆಯಬೇಕೆಂದು ಅವಕ್ಕೆ ಯಾರೂ ಹೇಳಿಕೊಡುತ್ತಿರಲಿಲ್ಲ.

“ಬೀಳ್ಲಿ ಬಿಡು ಮಾರಾಯ್ತಿ, ನೀನ್ಯಾಕೆ ಎತ್ತೋಕೆ ಹೋಗ್ತೀಯ?” ಮುಗ್ಗರಿಸಿದ ಜೀವಿಯನ್ನು ಸರಿಪಡಿಸಲು ನಾನು ಕೈಹಾಕಲು ಹೋದಾಗಲೆಲ್ಲ ಮೇಡಂ ಅವರದು ಇದೇ ಮಾತು.

ಒಮ್ಮೆ, ಅವರಿಂದ ಕಲಿತು ನಾನೇ ಬೆಳೆಸಿದ ಜೀವಿ ಎಲ್ಲಕ್ಕಿಂತ ದೂರ ಹೋಯಿತೆಂದು ಹಿಗ್ಗಿದೆ. ನೋಡಿದರೆ ಅದು ನಡೆದೇ ಇರಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಉದ್ದಕ್ಕೆ ಬೆಳೆದು, ಕಂಬದಂತೆ ನಿಂತು, ಮುಂದಕ್ಕೆ ದೊಪ್ಪನೆ ಬಿದ್ದಿತ್ತು. ಲ್ಯಾಬಿಗೆ ಲ್ಯಾಬೇ ನಕ್ಕಿತು. ಮೇಡಂ ನಗಲಿಲ್ಲ.

“ಅದು ಮೋಸ ಅಲ್ಲ ಕಣೆ. ನೀನು ದೂರ ಕೇಳ್ದೆ, ದೂರ ಕೊಡ್ತು. ನಡಿ ಅಂತ ಎಲ್ಲಿ ಹೇಳಿದ್ದೆ?”

ಮುಂದೆ ನಾನು ಅದೇ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದೆ. ಒಂದು ಬೆಳಿಗ್ಗೆ ಮೇಡಂ ಬಸ್ ಸ್ಟ್ಯಾಂಡಿನಲ್ಲಿ ಕುಸಿದರೆಂದು ಸುದ್ದಿ ಬಂತು. ಸ್ಟ್ರೋಕ್. ಎಡಗೈ, ಎಡಗಾಲಿನ ಸ್ವಾಧೀನ ಹೋಯಿತು. ಅವರು ಮತ್ತೆ ಕಾಲೇಜಿಗೆ ಬರಲಿಲ್ಲ.

ಕೆಲವು ತಿಂಗಳ ನಂತರ ಭದ್ರಾವತಿಯ ಮನೆಗೆ ಹೋದೆ. ಮೇಡಂ ಗೋಡೆಗೆ ಬೆನ್ನು ಕೊಟ್ಟು, ಬಲಗಾಲನ್ನು ಪಕ್ಕಕ್ಕೆ ಸರಿಸಿ, ಎಡಗಾಲನ್ನು ಎಳೆದುಕೊಳ್ಳುತ್ತಾ, ಅಡ್ಡಡ್ಡಲಾಗಿ ಬಾಗಿಲ ಕಡೆ ಬರುತ್ತಿದ್ದರು. ನಾಗರತ್ನಮ್ಮ ಮುಖ ತಿರುಗಿಸಿದರು.

“ವ್ಯಾಯಾಮ ಮಾಡ್ಸೋರು ಹೇಳಿದ ಹಾಗೆ ನೆಟ್ಟಗೆ ನಡಿಯೇ. ಇದನ್ನ ನೋಡೋಕಾಗಲ್ಲ ನಂಗೆ.”

“ಚಂದ ಕಾಣ್ಲಿ ಅಂತ ನಡೀತಿಲ್ಲ ಅಕ್ಕ,” ಮೇಡಂ ತೊದಲಿದರು. “ಬಾಗಿಲಿಗೆ ಹೋಗ್ತಿದೀನಿ.”

ಹೊರಗಿನ ಜಗಲಿಯ ಮೇಲೆ ಏದುಸಿರು ಬಿಡುತ್ತಾ ಕುಳಿತರು. ಅವರಿಗೆ ಸಂತೋಷವಾಗಲೆಂದು, ಲ್ಯಾಬಿನಲ್ಲಿ ನಾನು ಮುಂದುವರಿಸಿರುವ ಅವರ ಜೀವಿಗಳು ಈಗ ಪರದೆಯ ಮೇಲಿನ ಹಳ್ಳವನ್ನೂ ದಾಟುತ್ತಿವೆ ಎಂದೆ. ಮೇಡಂ ಬಲಗೈಯಿಂದ ಎಡಗಾಲನ್ನು ಎತ್ತಿ ಪಕ್ಕಕ್ಕಿಟ್ಟುಕೊಂಡರು.

“ಅವಕ್ಕೇನು. ಈ ಮೈಯಲ್ಲಿ ಆಗ್ಲಿಲ್ಲ ಅಂದ್ರೆ ಇನ್ನೊಂದು ಮೈ. ನಂಗಿರೋದು ಇದೊಂದೇ.”

ಅಷ್ಟು ವರ್ಷಗಳಲ್ಲಿ ಅವರ ಕಣ್ಣಲ್ಲಿ ನೀರು ಕಂಡದ್ದು ಅಂದೇ. ನನ್ನ ಬಸ್ಸಿನ ಹೊತ್ತಾಯಿತು. “ಹೊರಡು. ನಾನು ಒಳಗೆ ಹೋಗೋದನ್ನ ನೋಡ್ತಾ ನಿಲ್ಬೇಡ,” ಎಂದರು. “ಬರೋದು ಕಲ್ತಿದೀನಿ. ತಿರುಗೋದು ಇನ್ನೂ ಬಂದಿಲ್ಲ. ಅಕ್ಕನೇ ಹಿಡಿದು ತಿರುಗಿಸ್ಬೇಕು.”

ನಾನು ಹೊರಟೆ.

ಆ ಮಳೆಗಾಲ ಮುಗಿಯುವ ಮೊದಲೇ ನಾಗರತ್ನಮ್ಮನ ಫೋನ್ ಬಂತು. ಮತ್ತೊಮ್ಮೆ ಸ್ಟ್ರೋಕ್ ಆಗಿ ಮೇಡಂ ತೀರಿಕೊಂಡಿದ್ದರು. ನಾಗರತ್ನಮ್ಮ ಮುಂದುವರಿಸಿದರು:

“ನಿನ್ನೆ ಸಂಜೆ ಜಗಲಿಯಿಂದ ಒಬ್ಬಳೇ ತಿರುಗಿಕೊಂಡು ಒಳಗೆ ಬಂದಿದ್ಲಮ್ಮ. ನನ್ನ ಕರೀಲೇ ಇಲ್ಲ. ನಾನು ಅಡುಗೆಮನೇಲಿದ್ದೆ. ಹೆಂಗೆ ತಿರುಗಿದ್ಲೋ, ನೋಡ್ಲಿಲ್ಲ.”