ಅವತ್ತು ನಿಜಕ್ಕೂ ಸಿಗ್ನಲ್ ಹೋಗಿತ್ತು

“ಅಕ್ಕಾ, ಗಂಡನ ಮನ್ಯಾಗ ಇನ್ನ ಇರಾಕ ಆಗಂಗಿಲ್ಲ. ಮಗಳನ್ನ ಕರ್ಕೊಂಡು ನಿನ್ನ ಹತ್ರ ಬರ್ಲೇನು?” ಗದ್ವಾಲದಿಂದ ತಂಗಿ ಫೋನಿನಲ್ಲಿ ಕೇಳಿದಳು. “ಈಗಿಂದೀಗ ಬಾರವ್ವಾ” ಎಂದೆ. ಅಷ್ಟರಲ್ಲಿ ಲೈನ್ ಹೋಗಿತ್ತು. ನನ್ನ ಮಾತು ಅವಳಿಗೆ ಮುಟ್ಟಲಿಲ್ಲ.

ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಡುಗೆಮನೆಯ ಕಿಟಕಿಯಲ್ಲಿ ಮಾತ್ರ, ಅದೂ ಆಗಾಗ. ಅವತ್ತು ಅಲ್ಲೂ ಸಿಗದೆ ಮಾಳಿಗೆ ಹತ್ತಿ ಮತ್ತೆ ಮತ್ತೆ ಫೋನ್ ಮಾಡಿದೆ. ಸಂಜೆ ಎತ್ತಿದಳು.

“ಸೀರಿ ಗಿರಾಕಿಗಳ ಕೂಡ ಆಡೂ ಆಟ ನನ್ನ ಕೂಡನೂ ಆಡಿದೆಲ್ಲಕ್ಕಾ. ಇರ್ಲಿ ಬಿಡು, ಇಲ್ಲೇ ಇರ್ತೀನಿ.”

ನನ್ನದು ಮನೆಯಲ್ಲೇ ಸೀರೆ ವ್ಯಾಪಾರ. ಗಿರಾಕಿ ಫೋನಿನಲ್ಲಿ ಕಡಿಮೆ ರೇಟು ಹೇಳಿದರೆ ನಾನು “ಹಲೋ, ಕೇಳ್ಸವಲ್ದ್ರೀ” ಎಂದು ಕಿಟಕಿಯಿಂದ ಹಿಂದೆ ಸರಿಯುತ್ತಿದ್ದೆ. ಲೈನ್ ಕಟ್ಟಾಗುತ್ತಿತ್ತು, ಮತ್ತೆ ಫೋನ್ ಮಾಡಿದಾಗ ಅವರೇ ರೇಟು ಏರಿಸುತ್ತಿದ್ದರು. ಈ ಉಪಾಯವನ್ನು ತಂಗಿಗೆ ನಾನೇ ನಗುನಗುತ್ತ ತೋರಿಸಿದ್ದೆ.

ಮರುದಿನ ಮೊದಲ ಬಸ್ಸಿಗೆ ಗದ್ವಾಲಕ್ಕೆ ಹೋಗಿ, ಲೈನ್ ತಾನಾಗಿಯೇ ಹೋಯಿತೆಂದು ಆಣೆ ಮಾಡಿ ಹೇಳಿದೆ, ಮನೆಗೆ ಕರೆದೆ. “ಆತು ಬಿಡಕ್ಕಾ” ಎಂದು ಚಹಾ ಕೊಟ್ಟಳು, ಜೊತೆಗೆ ಬರಲಿಲ್ಲ.

ವ್ಯಾಪಾರ ಮಾಡುವವರಿಗೆ ನನ್ನದೊಂದೇ ಮಾತು: ಬೇರೆ ಯಾವ ಉಪಾಯವನ್ನಾದರೂ ಮಾಡಿ, ಸಿಗ್ನಲ್ ಇಲ್ಲವೆಂದು ಮಾತ್ರ ಸುಳ್ಳು ಹೇಳಬೇಡಿ. ಈಗ ಕಿಟಕಿಯಲ್ಲೇ ಫೋನ್ ಇಟ್ಟುಕೊಂಡು ಕೂರುತ್ತೇನೆ. ಗಿರಾಕಿಗಳು ಮಾಡುತ್ತಾರೆ, ತಂಗಿ ಮಾಡುವುದಿಲ್ಲ.